ಒಣ ಚಕ್ರಕ್ಕೆ ನೀರು ತಂದ ಅಕ್ಕ

ಬೆಳಕು ಹರಿಯುವ ಹೊತ್ತಿಗೆ ಕಲ್ಲಿಗೆ ಹೊಳಪು ಕೊಡುವ ಕಾರ್ಖಾನೆಯ ಬಾಗಿಲು ತೆರೆಯುತ್ತದೆ. ಎಲ್ಲರಿಗಿಂತ ಮೊದಲು ಒಳಗೆ ಬರುವವರು, ಇಲ್ಲಿನ ಕೆಲಸಗಾರರೆಲ್ಲ ಅಕ್ಕ ಎಂದೇ ಕರೆಯುವ ಹೆಂಗಸು, ಉಜ್ಜುವ ಚಕ್ರಗಳ ಮೇಲಿನ ನೀರಿನ ಕೊಳವೆಗಳನ್ನು ಒಂದೊಂದಾಗಿ ತಡವುತ್ತಾರೆ. ಕೆಸರು ಕಟ್ಟಿದಲ್ಲಿ ತಂತಿ ತೂರಿಸುತ್ತಾರೆ. ನಡುವೆ ಗೋಡೆಗೆ ಕೈಯೂರಿ ನಿಂತು ಕೆಮ್ಮುತ್ತಾರೆ. ಕೆಮ್ಮು ನಿಲ್ಲುವವರೆಗೆ, ಅಷ್ಟರಲ್ಲಿ ಬಂದು ಸೇರಿದ ಉಳಿದವರು ಬೇರೆಲ್ಲೋ ನೋಡುತ್ತಾರೆ.

“ನೀರು ಬೀಳದೆ ಯಾರಾದ್ರೂ ಚಕ್ರ ತಿರುಗಿಸಿದ್ರೋ, ಕಿವಿ ಹಿಂಡ್ತೀನಿ!” ಉಸಿರು ಬಂದ ಕೂಡಲೇ ಗದರಿಕೆ ಶುರು.

ಅಕ್ಕನ ಗಂಡ ಇಲ್ಲೇ ಕಲ್ಲು ಉಜ್ಜುತ್ತಿದ್ದರು. ಆಗ ನೀರಿರಲಿಲ್ಲ. ಸೆಕೆಗೆಂದು ಹಾಕಿದ್ದ ದೊಡ್ಡ ಫ್ಯಾನು ಒಬ್ಬರ ದೂಳನ್ನು ಇನ್ನೊಬ್ಬರ ಮುಖಕ್ಕೆ ಊದುತ್ತಿತ್ತು. “ಮನೆಗೆ ಬಂದ್ರೆ ರೆಪ್ಪೆಯೆಲ್ಲ ಬೆಳ್ಳಗೆ. ಹಿಟ್ಟಿನ ಗಿರಣಿಯಿಂದ ಬಂದ್ರಾ ಅಂತ ರೇಗಿಸ್ತಿದ್ದೆ. ಅವರೂ ನಗ್ತಿದ್ರು. ನಮಗೇನು ಗೊತ್ತಿತ್ತು?” ಶ್ವಾಸಕೋಶದಲ್ಲಿ ಕಲ್ಲಿನ ದೂಳು ಕೂತಿದೆ, ತೆಗೆಯಲು ಬರುವುದಿಲ್ಲ ಎಂದರು ವೈದ್ಯರು. ಕೊನೆಕೊನೆಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು. ಕೂತೇ ಊಟ, ಕೂತೇ ನಿದ್ದೆ. ಕೂತಲ್ಲೇ ಹೋದರು.

ಹೊಟ್ಟೆ ಕೇಳಬೇಕಲ್ಲ. ಗಂಡನ ಚಕ್ರದ ಮುಂದೆಯೇ ಅಕ್ಕ ಕೂತರು. ಕೆಲವೇ ವರ್ಷಗಳಲ್ಲಿ ಅವರಿಗೂ ಅದೇ ಕೆಮ್ಮು ಅಂಟಿತು. ನಾದಿನಿಯೂ ಕೆಲಸಕ್ಕೆ ಸೇರಿದ ದಿನ ಅಕ್ಕ ಚಕ್ರ ಬಿಟ್ಟೆದ್ದರು. ನೆಟ್ಟಗೆ ಮಾಲೀಕರ ಬಳಿ ಹೋಗಿ, ದೂಳು ಏಳದಂತೆ ಚಕ್ರಕ್ಕೆ ನೀರು ಕೊಡಿ, ಫ್ಯಾನನ್ನು ಹೊರಮುಖ ಮಾಡಿ ಎಂದರು.

“ನೀರು ಬಿಟ್ರೆ ಕೆಲಸ ನಿಧಾನ ಆಗುತ್ತಮ್ಮ. ಮೂಗಿಗೆ ಬಟ್ಟೆ ಕಟ್ಕೊಳ್ಳಿ,” ಎಂದರು ಮಾಲೀಕರು.

“ಅವರೂ ಕಟ್ಕೊಂಡಿದ್ರು ಸಾರ್. ಬಟ್ಟೆ ಮನೇಲಿದೆ. ಅವರಿಲ್ಲ.”

ಮರುದಿನ ಅಕ್ಕ ಚಕ್ರ ಮುಟ್ಟಲಿಲ್ಲ, ಬಾಗಿಲಲ್ಲೇ ಕೂತರು. ಮೊದಲು ನಾದಿನಿ, ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ ಬಂದು ಪಕ್ಕದಲ್ಲಿ ಕೂತರು. ಕಳಿಸಬೇಕಿದ್ದ ಸರಕು ಕದಲದೆ ಬಿದ್ದಾಗ ಮಾಲೀಕರು ಮಣಿದರು, ಈ ಶೆಡ್ಡಿಗೆ ಮಾತ್ರ. ಹಿಂದಿನ ಶೆಡ್ಡಿನಲ್ಲಿ ಇಂದಿಗೂ ಒಣ ಚಕ್ರಗಳೇ. ಅಲ್ಲಿರುವವರು ದಿನಗೂಲಿಗಳು, ಕೆಲಸ ಬಿಟ್ಟು ಕೂತರೆ ಮರುದಿನವೇ ಆ ಜಾಗಕ್ಕೆ ಬೇರೆಯವರು. ಬಿಡುವಿನಲ್ಲಿ ಅವರೊಡನೆ ಮಾತಾಡಲು ಹೋಗುವ ಅಕ್ಕನನ್ನು ಈಗ ಕಾವಲುಗಾರ ತಡೆಯುತ್ತಾನೆ. ಆದರೂ ಹೋಗುವುದನ್ನು ಬಿಟ್ಟಿಲ್ಲ.

ಉಜ್ಜಲು ತ್ರಾಣವಿಲ್ಲದ್ದರಿಂದ ಕೊಳವೆ ನೋಡಿಕೊಳ್ಳುವುದೇ ಅಕ್ಕನ ಕೆಲಸ. ವೈದ್ಯರು ಗಂಡನಿಗೆ ಹೇಳಿದ್ದನ್ನೇ ಅವರಿಗೂ ಹೇಳಿದ್ದಾರೆ.

“ನಂದು ಬಿಡಿ, ಒಳಗೆ ಕೂತಿದ್ದು ಎದ್ದು ಹೋಗಲ್ಲ,” ಎನ್ನುತ್ತಾರೆ. “ಆದ್ರೆ ನಮ್ಮ ನಾದಿನಿ ಇದಾಳಲ್ಲ, ಸಂಜೆ ಮನೆ ಮೆಟ್ಟಿಲು ಹತ್ತೋವಾಗ್ಲೂ ಬಾಯಿ ಮುಚ್ಚಲ್ಲ. ಒಂದೇ ಸಮ ಮಾತು. ನಾನು ಕೆಳಗೆ ಸುಧಾರಿಸ್ಕೊಳ್ತಾ ಕೇಳಿಸ್ಕೊಳ್ತೀನಿ.”