ಇಟಲಿಯಿಂದ ಬಂದ ನವಿಲು

ಚಂದ್ರಾ ಲೇಔಟಿನ ಆ ಮನೆಯ ಹಾಲ್ ಸೀಲಿಂಗಿಗೆ ಪಿಓಪಿಯಲ್ಲಿ ನವಿಲು ಮಾಡಿದ್ದು ನಾನು. ಒಂದೊಂದು ಗರಿಯನ್ನೂ ಕೈಯಲ್ಲೇ ಕೆತ್ತಿದ್ದೆ. "ಗೃಹಪ್ರವೇಶಕ್ಕೆ ಬಾ ಮೇಸ್ತ್ರಿ, ನಾಲ್ಕು ಜನಕ್ಕೆ ಪರಿಚಯ ಮಾಡಿಸ್ತೀನಿ, ಮುಂದಿನ ಕೆಲಸ ಸಿಗುತ್ತೆ" ಅಂದಿದ್ದರು ಯಜಮಾನರು. ಕೈಯಲ್ಲಿ ಬೇರೆ ಕೆಲಸ ಇರಲಿಲ್ಲ. ಹೋದೆ.

ಹಾಲಿನಲ್ಲಿ ಕಾಲಿಡೋಕೆ ಜಾಗ ಇಲ್ಲ. ಹಿತ್ತಾಳೆ ಆನೆ, ಗಾಜಿನ ಕುದುರೆ, ಬಂಗಾರದ ಬಣ್ಣದ ಮೂರು ಸೋಫಾ. ಏನಾದ್ರೂ ತಗುಲಿ ಬಿದ್ದೀತು ಅಂತ ಹೆಂಗಸರು ಸೆರಗು ಬಿಗಿಹಿಡಿದೇ ಓಡಾಡ್ತಿದ್ದರು. ಒಬ್ಬ ಆಂಟಿ ತಲೆ ಎತ್ತಿ, "ಅಯ್ಯೋ, ನವಿಲು ಎಷ್ಟು ಚೆನ್ನಾಗಿದೆ! ಯಾರು ಮಾಡಿದ್ದು?" ಅಂದರು. ನಾನು ಒಂದು ಹೆಜ್ಜೆ ಮುಂದೆ ಬಂದೆ.

"ಇಟಲಿಯಿಂದ ತರಿಸಿದ್ದು" ಅಂದರು ಯಜಮಾನರು.

"ಅದಕ್ಕೇ ಮತ್ತೆ! ನಮ್ಮೋರ ಕೈಲಿ ಇಷ್ಟು ನೀಟಾಗಿ ಎಲ್ಲಿ ಆಗುತ್ತೆ?"

ಆಮೇಲೆ, ಮನೆ ಕಟ್ಟಿದ ಕೆಲಸದವರಿಗೆ ಪಂಚೆ-ಶಲ್ಯ ಕೊಡೋ ಶಾಸ್ತ್ರ. ನನ್ನ ಸರದಿ ಬಂದಾಗ ಅದೇ ಆಂಟಿ, "ಇವರೇನು ಮಾಡಿದ್ದು?" ಅಂತ ಕೇಳಿದರು. ಯಜಮಾನರು ನನ್ನ ಮುಖ ನೋಡದೆ, "ಕಾಂಪೌಂಡಿಗೆ ಪೇಂಟ್ ಹೊಡೆದವನು" ಅಂದರು.

ಆಂಟಿ ಒಳ್ಳೆಯವರು. "ಪೇಂಟೂ ಚೆನ್ನಾಗೇ ಹೊಡೆದಿದ್ದೀರಪ್ಪ" ಅಂದರು.

ನಿಜವಾಗಿ ಕಾಂಪೌಂಡಿಗೆ ಪೇಂಟ್ ಹೊಡೆದವನು ಸಾಲಿನಲ್ಲಿ ನನ್ನ ಹಿಂದೆಯೇ ನಿಂತಿದ್ದ. ಅವನ ಪಾಲಿಗೆ ಯಾವ ಕೆಲಸ ಬಂತೋ, ನೋಡೋಕೆ ನಾನು ನಿಲ್ಲಲಿಲ್ಲ.