ಎರಡು ಮುಂಬಲ್ಲುಗಳ ನಾಚಿಕೆ

ಬೇಡಕಿಹಾಳದ ಬೀಗರ ಹೊಲದಲ್ಲಿ ನಿಂತು, "ಈ ವಯಸ್ಸಿನ್ಯಾಗೂ ನನ್ನ ಹಲ್ಲು ಗಟ್ಟಿ ಅದಾವ, ನೋಡ್ರಿ" ಎಂದು ಬೀಗುತ್ತ ಕಬ್ಬು ಕಚ್ಚಿದೆ. ಹಿಂದೆ ಬೈಕಿನಿಂದ ಬಿದ್ದಾಗ ಮೇಲಿನ ಎರಡು ಮುಂಬಲ್ಲು ಸಡಿಲಾಗಿದ್ದನ್ನು ಯಾರಿಗೂ ಹೇಳಿರಲಿಲ್ಲ. ಅವೆರಡೂ ಕಬ್ಬಿನಲ್ಲೇ ಉಳಿದವು. ಬೀಗರು ನಗಲಿಲ್ಲ, ನೀರು ತರಲು ಓಡಿದರು. ನಕ್ಕಿದ್ದರೇ ವಾಸಿಯಿತ್ತು.

ಅಂದಿನಿಂದ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದೇ ಮಾತು. ನಾನು ನಿವೃತ್ತ ಶಿಕ್ಷಕ. ನಮ್ಮ ಬೌದ್ಧ ಕುಟುಂಬಗಳ ಮದುವೆಗಳಲ್ಲಿ ಬುದ್ಧವಂದನೆ ಹೇಳಿಕೊಡುವವನು ನಾನೇ. ಮುಂದಿನ ತಿಂಗಳು ಅಣ್ಣನ ಮಗಳ ಮದುವೆಯಿತ್ತು. ವಂದನೆಯ ತುಂಬ 'ಸ'ಕಾರವೇ, ನಾನು 'ಸ' ಎಂದರೆ ಬರೀ ಗಾಳಿ ಬರುತ್ತಿತ್ತು.

ಚಿಕ್ಕೋಡಿಯ ದಂತವೈದ್ಯೆ ಎರಡು ದಾರಿ ಹೇಳಿದರು. "ಬ್ರಿಡ್ಜ್, ಅಂದ್ರ ಬಾಜೂ ಹಲ್ಲಿಗೆ ಕಟ್ಟೋ ಕೃತಕ ಹಲ್ಲು, ಲಗೂ ಆಗತೈತ್ರಿ ಸರ್. ಆದ್ರ ಅದನ್ನ ಕೂಡಿಸಾಕ ಆಜೂಬಾಜೂ ಇರೋ ಛಲೋ ಹಲ್ಲು ಸವೆಸಬೇಕಾಗತೈತಿ. ಇಂಪ್ಲಾಂಟ್ ಅಂದ್ರ ಎಲುಬಿನ್ಯಾಗ ಸ್ಕ್ರೂ ಕೂಡಸ್ತೀವ್ರಿ. ಅದು ಎಲುಬಿಗೆ ಹತ್ತಾಕ ತಿಂಗಳುಗಟ್ಟಲೆ ಬೇಕು. ಬಾಜೂ ಹಲ್ಲಿಗೆ ಕೈ ಹಚ್ಚೂದಿಲ್ಲ."

"ಬ್ರಿಡ್ಜೇ ಮಾಡ್ರಿ" ಎಂದೆ.

"ಗಡಿಬಿಡಿ ಯಾಕ್ರಿ?"

"ಊಟಕ್ಕ ಭಾಳ ತ್ರಾಸ ಆಗೇತಿ."

ಪಕ್ಕದಲ್ಲಿದ್ದ ಹೆಂಡತಿ ಸುಮ್ಮನಿರಲಿಲ್ಲ. "ಸುಳ್ಳ ಯಾಕ ಹೇಳ್ತೀರಿ? ಮುಂಜಾನೆ ರೊಟ್ಟಿ ತಿಂದ ಬಂದೀರಿ. ಮಂದಿ ಮುಂದ ಬಾಯಿ ತೆರೆಯಾಕ ನಾಚಿಕಿ ನಿಮಗ. ಅದಕ್ಕ ಛಲೋ ಹಲ್ಲು ಸವೆಸ್ಕೋತೀರೇನು?"

ವೈದ್ಯೆ ಎಕ್ಸ್‌ರೇ ನೋಡುವವರಂತೆ ತಲೆ ತಗ್ಗಿಸಿದರು. ನನ್ನ ಕಿವಿ ಬಿಸಿಯಾದವು. ಕೊನೆಗೆ ಇಂಪ್ಲಾಂಟಿಗೇ ಒಪ್ಪಿದೆ. ಅದು ಗಟ್ಟಿಯಾಗುವವರೆಗೆ ಹಾಕಿ ತೆಗೆಯಬಹುದಾದ ಹಲ್ಲಿನ ಸೆಟ್ ಕೊಟ್ಟರು.

ಬೋರಗಾಂವದ ಮದುವೆಯಲ್ಲಿ ಮೈಕಿನ ಮುಂದೆ ವಂದನೆ ಶುರುಮಾಡಿದೆ. ನಡುವೆ ಸೆಟ್ ಸಡಿಲಾಗಿ ಸಿಳ್ಳೆ ಹೊಡೆಯಿತು, ಆಮೇಲೆ ಜಾರಿ ಅಂಗೈಗೆ ಬಿತ್ತು. ಎದುರಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ವೇದಿಕೆ ಇಳಿದು ಓಡಿಬಿಡೋಣ ಎನಿಸಿತು.

ಕೈಮುಗಿದು ನಿಂತಿದ್ದ ಮದುಮಗಳು ಮೆಲ್ಲಗೆ, "ಕಾಕಾ, ನೀವ್ ಹೇಳ್ರಿ. ನಾವ್ ಹಿಂದಿಂದ ಹೇಳ್ತೀವಿ" ಎಂದಳು.

ಸೆಟ್ಟನ್ನು ಜೇಬಿಗೆ ಹಾಕಿ ತೊದಲುತ್ತಲೇ ಹೇಳಿದೆ. ಸಭೆಯೆಲ್ಲ ಸ್ಪಷ್ಟವಾಗಿ ಹೇಳಿ ಮುಗಿಸಿತು. ನಾನು ತಲೆ ಎತ್ತಲಿಲ್ಲ. ಊಟಕ್ಕೂ ಗೋಡೆಯ ಕಡೆ ಮುಖ ಮಾಡಿ ಕುಳಿತೆ.

ಈಗ ಇಂಪ್ಲಾಂಟ್ ಭದ್ರವಾಗಿ ಕೂತಿದೆ, ಅಕ್ಕಪಕ್ಕದ ಹಲ್ಲುಗಳೂ ಉಳಿದಿವೆ. ಆದರೆ ಹೆಂಡತಿ ಮೊಬೈಲಿನಲ್ಲಿ ಆ ಮದುವೆಯ ವಿಡಿಯೋ ಹಚ್ಚಿದರೆ ನಾನು ಇಂದಿಗೂ ಎದ್ದು ಹಿತ್ತಲಿಗೆ ಹೋಗುತ್ತೇನೆ.