ಮಾಸ್ತರು ತಿರುವುಗಳಿಗೆ ಕೊಟ್ಟ ಅಂಕಗಳು

ಕಳೆದ ತಿಂಗಳು ದೇಶನೂರಿನ ರೈತರೊಬ್ಬರು ಟ್ರ್ಯಾಕ್ಟರಿನ ಸುಟ್ಟ ಕ್ಲಚ್ ಪ್ಲೇಟನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ತಂದರು. ಬಳ್ಳಾರಿಯ ಸಿರುಗುಪ್ಪ ರಸ್ತೆಯಲ್ಲಿ ನನ್ನದೊಂದು ಬಿಡಿಭಾಗಗಳ ಅಂಗಡಿ. ನಾಟಿಯ ದಿನಗಳಲ್ಲಿ ಗದ್ದೆಯ ಕೆಸರಿಗೆ ಹೂತ ಗಾಡಿಯನ್ನು ಎಬ್ಬಿಸಲು ಹೋಗಿ ಕ್ಲಚ್ ಸುಟ್ಟುಕೊಂಡವರು ವಾರಕ್ಕೆ ಇಬ್ಬರಾದರೂ ಬರುತ್ತಾರೆ. ಆ ವಾಸನೆ ನನಗೆ ಹೊಸದಲ್ಲ. ಆದರೆ ಅವತ್ತು ಪಂಚೆ ಬಿಚ್ಚುತ್ತಲೇ ಆ ಕಮಟು ಮೂಗಿಗೆ ಹೊಡೆದು, ನನ್ನ ಎಡಕಿವಿಯ ಪಕ್ಕದಲ್ಲೇ ಯಾರೋ "ಎಡಗಾಲು ತೆಗೀಲೇ" ಎಂದಂತಾಯಿತು. ಹಿಂದೆ ರ‍್ಯಾಲಿ ಕಾರಿನಲ್ಲಿ ನನ್ನ ಎಡಕ್ಕೆ ಕೂತು ದಾರಿ ಓದುತ್ತಿದ್ದ ಮಾಸ್ತರರ ದನಿ. ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವುದು ನನ್ನ ಕೆಟ್ಟ ಚಾಳಿಯಾಗಿತ್ತು. ಪುಸ್ತಕದಿಂದ ಕಣ್ಣೆತ್ತದೆಯೇ, ಬರೀ ವಾಸನೆಯಿಂದಲೇ ಪತ್ತೆ ಹಚ್ಚಿ ಬೈಯುತ್ತಿದ್ದರು...

ಅವತ್ತೇ ಬೆಳಿಗ್ಗೆ ಫೋನಿನಲ್ಲಿ ಬರುವ ವರ್ಷದ ರ‍್ಯಾಲಿ ತಂಡಗಳ ಪಟ್ಟಿ ಓದಿದ್ದೂ ಇದಕ್ಕೆ ಕಾರಣವಿರಬೇಕು. ಯಾವ ಕಂಪನಿ ಎಷ್ಟು ಕಾರು ಇಳಿಸುತ್ತದೆ, ಯಾರು ಚಾಲಕ, ಯಾರು ಅರ್ಧ ವರ್ಷ ಓಡಿಸಿ ಇನ್ನರ್ಧ ವರ್ಷ ಬೆಂಚು ಕಾಯುತ್ತಾರೆ, ಯಾರು ಸದ್ದಿಲ್ಲದೆ ಅಂಗಡಿ ಮುಚ್ಚುತ್ತಾರೆ... ವರ್ಷ ವರ್ಷವೂ ಅದೇ ರಾಗ. 'ಅನುಭವ ಮತ್ತು ಯೌವನದ ಸಮ್ಮಿಲನ'ವಂತೆ. 'ದೀರ್ಘಕಾಲದ ಬದ್ಧತೆ'ಯಂತೆ. ಥೂ! ಬದ್ಧತೆ ಎಂಬ ಮಾತು ಕಂಪನಿಯವರ ಬಾಯಲ್ಲಿ ಬಂದರೆ ಫೋನನ್ನು ಮಗುಚಿ ಇಟ್ಟುಬಿಡುತ್ತೇನೆ. ಒಂದು ಕಾಲಕ್ಕೆ ಇಂಥದ್ದೇ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು.

ಗೊತ್ತಿಲ್ಲದವರಿಗೆ ಒಂದು ಮಾತು. ರ‍್ಯಾಲಿ ಎಂದರೆ ದುಂಡಗಿನ ಟ್ರ್ಯಾಕಿನಲ್ಲಿ ಗಿರಕಿ ಹೊಡೆಯುವ ಆಟವಲ್ಲ. ಜನಸಂಚಾರ ನಿಲ್ಲಿಸಿದ ಮಣ್ಣುದಾರಿಯಲ್ಲಿ ಒಂದೊಂದೇ ಕಾರನ್ನು ಬಿಡುತ್ತಾರೆ; ಕಡಿಮೆ ಹೊತ್ತಿನಲ್ಲಿ ಮುಟ್ಟಿದವನು ಗೆದ್ದ. ಚಾಲಕನ ಪಕ್ಕದಲ್ಲಿ ಇನ್ನೊಬ್ಬ ಕೂತಿರುತ್ತಾನೆ, ನ್ಯಾವಿಗೇಟರ್. ಮೊದಲೇ ದಾರಿ ನೋಡಿ ಬರೆದುಕೊಂಡ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಮುಂದಿನ ತಿರುವು ಎಂಥದ್ದೆಂದು ಓದಿ ಹೇಳುವುದು ಅವನ ಕೆಲಸ. ಕಣ್ಣಿಗೆ ಕಾಣದ ತಿರುವಿಗೆ ಅವನ ಮಾತೊಂದನ್ನೇ ನಂಬಿ ಗಾಡಿ ನುಗ್ಗಿಸಬೇಕು. ಅವನು ತಪ್ಪಿದರೆ ಇಬ್ಬರೂ ಹೋದರು. ಚಪ್ಪಾಳೆ ಮಾತ್ರ ಚಾಲಕನಿಗೆ.

ನನ್ನ ಪಕ್ಕ ಕೂರುತ್ತಿದ್ದವರು ಬಾದನಹಟ್ಟಿಯ ಶಾಲೆಯಲ್ಲಿ ಮಾಸ್ತರು. ಮನೆ ಕುರುಗೋಡಿನಲ್ಲಿ. ನಾನು ಆಗ ಅಪ್ಪನ ಜೀಪಿನಲ್ಲಿ ಆ ಕಡೆಗೆಲ್ಲ ಪಂಪ್‌ಸೆಟ್ಟಿನ ಸಾಮಾನು ಹಾಕಿಬರುತ್ತಿದ್ದೆ. ಸೈಕಲ್ ಪಂಕ್ಚರಾದ ಒಂದು ದಿನ ಅವರು ಕೈ ಅಡ್ಡ ಹಾಕಿ ಹತ್ತಿಕೊಂಡರು. ಮುಂದೊಂದು ಹತ್ತಿ ಲಾರಿ ಎಬ್ಬಿಸಿದ ಧೂಳಿನಲ್ಲಿ ನನಗೆ ದಾರಿಯೇ ಕಾಣುತ್ತಿರಲಿಲ್ಲ. ಅವರು ಆರಾಮಾಗಿ ಕಣ್ಣು ಮುಚ್ಚಿಕೊಂಡು ಹೇಳತೊಡಗಿದರು: ಈಗ ಜಾಲಿಗಿಡ ಬರುತ್ತದೆ, ಅದು ದಾಟಿದ ಮೇಲೆ ಎಡಕ್ಕೆ ತಿರುವು, ಹೆಂಗೋ ಪಾಸಾಗುವಂಥ ತಿರುವು, ನಿಧಾನ. ವರ್ಷಾನುಗಟ್ಟಲೆ ಸೈಕಲ್ ತುಳಿದ ದಾರಿ ಅದು. ನಾನು ಅವತ್ತೇ ಅವರನ್ನು ರ‍್ಯಾಲಿಗೆ ಕರೆದೆ. ತಲೆ ನೆಟ್ಟಗಿದೆಯೇ ಎಂದು ಬೈದು ಇಳಿದುಹೋದವರು ಮುಂದಿನ ಭಾನುವಾರ ಕ್ಯಾನ್ವಾಸ್ ಬೂಟು ಹಾಕಿಕೊಂಡು ನಮ್ಮ ಮನೆಯ ಮುಂದೆ ನಿಂತಿದ್ದರು.

ಉಳಿದ ನ್ಯಾವಿಗೇಟರುಗಳು ತಿರುವುಗಳನ್ನು ಇಂಗ್ಲಿಷಿನಲ್ಲಿ, ಒಂದರಿಂದ ಆರರವರೆಗಿನ ಸಂಖ್ಯೆಯಲ್ಲಿ ಬರೆಯುತ್ತಿದ್ದರು. ಒಂದು ಎಂದರೆ ತೀರ ಕಡಿದಾದ ತಿರುವು, ಆರು ಎಂದರೆ ವೇಗ ಇಳಿಸುವುದೇ ಬೇಡ. ಮಾಸ್ತರಿಗೆ ಅದು ಹಿಡಿಸಲಿಲ್ಲ. ಅವರು ತಿರುವುಗಳಿಗೆ ಪರೀಕ್ಷೆಯ ಅಂಕ ಕೊಟ್ಟರು. ಗಾಡಿ ಹೆಚ್ಚುಕಡಿಮೆ ನಿಂತೇ ತಿರುಗಬೇಕಾದದ್ದು ನಪಾಸು. ಅದಕ್ಕಿಂತ ತುಸು ವಾಸಿಯಿದ್ದರೆ ಮೂವತ್ತೈದು. ಆಮೇಲೆ ಸೆಕೆಂಡ್ ಕ್ಲಾಸ್, ಫಸ್ಟ್ ಕ್ಲಾಸ್. ಡಿಸ್ಟಿಂಕ್ಷನ್ ಎಂದರೆ ಹಿಂದೆಮುಂದೆ ನೋಡದೆ ಒತ್ತು. ಎರೆಮಣ್ಣು ಇದ್ದಲ್ಲಿ ನೀಲಿ ಪೆನ್ಸಿಲಿನ ಗೀಟು. ಎರೆಮಣ್ಣಿನಲ್ಲಿ ನೀರು ಜಿನುಗಿದ್ದರೆ ಗಾಡಿ ಹೇಳಿದ ಮಾತು ಕೇಳುವುದಿಲ್ಲ, ಅದನ್ನು ಗಾಡಿಯಲ್ಲಿ ಕೂತು ಕಂಡುಹಿಡಿಯಲಾಗದು ಎಂದು ಅವರು ಚಪ್ಪಲಿ ಬಿಟ್ಟು ದಾರಿಯುದ್ದಕ್ಕೂ ನಡೆಯುತ್ತಿದ್ದರು. ಅಂಗಾಲಿಗೆ ತಂಪು ಹತ್ತಿದರೆ ಆ ತಿರುವಿನ ಅಂಕ ಕಡಿತ. ಬಳ್ಳಾರಿ ಕಡೆಯ ಜೋಡಿ ಎಡಕ್ಕೆ ಫಸ್ಟ್ ಕ್ಲಾಸು ಬಲಕ್ಕೆ ನಪಾಸು ಎಂದು ಕೂಗಿಕೊಂಡು ಹೋಗುತ್ತದೆ ಎಂದು ಬೇರೆ ತಂಡದವರು ಬಿದ್ದು ಬಿದ್ದು ನಗುತ್ತಿದ್ದರು. ಸಂಜೆ ಸಮಯದ ಪಟ್ಟಿ ಅಂಟಿಸಿದ ಮೇಲೆ ನಗು ನಿಲ್ಲುತ್ತಿತ್ತು.

ಹೀಗೆ ಮೂರು ವರ್ಷ. ಸ್ವಂತ ಗಾಡಿಯವರ ಸಾಲಿನಲ್ಲಿ ನಮ್ಮ ಹೆಸರು ಮೇಲಕ್ಕೆ ಬಂತು. ಆಗ ಒಂದು ಕಾರು ಕಂಪನಿ ದೇಶದ ದೊಡ್ಡ ರ‍್ಯಾಲಿಗಳಿಗೆ ತನ್ನದೇ ತಂಡ ಕಟ್ಟುತ್ತೇನೆಂದು ಹೊರಟಿತು. ಅದರ ಮ್ಯಾನೇಜರ್ ಬಳ್ಳಾರಿಗೇ ಬಂದ. ಬಣ್ಣದ ಹಾಳೆಗಳನ್ನು ಮೇಜಿನ ತುಂಬ ಹರಡಿ ಯೋಜನೆ ವಿವರಿಸಿದ: ಮೂರು ವರ್ಷ, ಎರಡು ಕಾರು, ಮೊದಲನೆಯದಕ್ಕೆ ಹೆಸರು ಮಾಡಿದ ಚಾಲಕ, ಎರಡನೆಯದಕ್ಕೆ ನಾನು. ನೀವಿಬ್ಬರೂ ಜೋಡಿಯಾಗಿಯೇ ಬರಬೇಕು, ಮಾಸ್ತರರ ಕಥೆ ಪೇಪರಿನವರಿಗೆ ಬಹಳ ಹಿಡಿಸುತ್ತದೆ ಎಂದ. ಅವನ ನಾಲಿಗೆಯ ನಯ ಏನು ಹೇಳಲಿ! ನಾವಿಬ್ಬರೂ ಹೊರಗೆ ಬಂದು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದೆವು. ಮಾಸ್ತರು ಎಂದೂ ಇಲ್ಲದವರು ಎರಡನೇ ತಟ್ಟೆ ಹೇಳಿದರು.

ಅದೇ ಹೊತ್ತಿಗೆ ಅವರಿಗೆ ಹೆಡ್‌ಮಾಸ್ತರಾಗಿ ಬಡ್ತಿ ಬಂದಿತ್ತು. ಅದೂ ಕುರುಗೋಡಿನಲ್ಲೇ, ತಾವು ಅಕ್ಷರ ಕಲಿತ ಶಾಲೆಗೇ. ಆ ಮನುಷ್ಯ ಜೀವಮಾನದಲ್ಲಿ ಆಸೆಪಟ್ಟದ್ದು ಅದೊಂದೇ ಕುರ್ಚಿಗೆ. ಆದರೆ ಹೆಡ್‌ಮಾಸ್ತರಾದರೆ ವರ್ಷದ ರಜೆ ಸಿಗುವುದಿಲ್ಲ. ರ‍್ಯಾಲಿಗೆ ವರ್ಷದ ರಜೆಯೇ ಬೇಕು. ಬಡ್ತಿ ಬೇಡವೆಂದು ಬರೆದುಕೊಟ್ಟರೆ ಆ ಕುರ್ಚಿ ಇನ್ನೊಬ್ಬರಿಗೆ ಹೋಗುತ್ತದೆ, ಮತ್ತೆ ಕೈಗೆ ಸಿಗುವ ಮಾತಿಲ್ಲ. ಅವರ ಹೆಂಡತಿ ಸುತರಾಂ ಬೇಡವೆಂದರು. ಎಂಟು ದಿನ ಯೋಚಿಸಿ, ಬಡ್ತಿ ಬೇಡ, ವರ್ಷದ ರಜೆ ಕೊಡಿ ಎಂಬ ಪತ್ರ ಬರೆದು ಜೇಬಿನಲ್ಲಿಟ್ಟುಕೊಂಡು ನನ್ನ ಹತ್ತಿರ ಬಂದರು. ಶುಕ್ರವಾರ ಬಳ್ಳಾರಿಯ ಆಫೀಸಿಗೆ ಕೊಡುತ್ತೇನೆ ಎಂದರು.

"ಕಂಪನಿ ಮಾತು ಖಾತ್ರಿ ಐತೇನಪಾ?" ಎಂದು ಕೇಳಿದರು.

ಖಾತ್ರಿ ಇದೆ ಎಂದೆ. ಅದು ಭಾನುವಾರ. ಆ ಭಾನುವಾರ ನಾನು ಹೇಳಿದ್ದು ಸುಳ್ಳಾಗಿರಲಿಲ್ಲ.

ಸೋಮವಾರ ಮ್ಯಾನೇಜರನ ಫೋನು ಬಂತು. ವಿದೇಶದ ಹೆಡ್ ಆಫೀಸಿನವರು ಯೋಜನೆ ತಿದ್ದಿದ್ದಾರೆ, ನ್ಯಾವಿಗೇಟರುಗಳು ಕಂಪನಿಯ ಪಟ್ಟಿಯಿಂದಲೇ ಬರಬೇಕು, ಐವತ್ತರ ಹತ್ತಿರದ ಹಳ್ಳಿ ಮಾಸ್ತರನನ್ನು ಪೋಸ್ಟರಿನಲ್ಲಿ ಹಾಕಿದರೆ ಕಾರು ಯಾರು ಕೊಳ್ಳುತ್ತಾರೆ ಎಂದ. ಹತ್ತು ದಿನದ ಹಿಂದೆ ಇದೇ ಬಾಯಿ ಮಾಸ್ತರರ ಕಥೆ ಹಿಡಿಸುತ್ತದೆ ಎಂದಿತ್ತು! ನೀನು ಬರುತ್ತೀಯೋ ಇಲ್ಲವೋ ಈಗಲೇ ಹೇಳು, ನಿನ್ನ ಹಿಂದೆ ಇನ್ನೂ ನಾಲ್ವರು ನಿಂತಿದ್ದಾರೆ ಎಂದ. ಬರುತ್ತೇನೆ ಸರ್ ಎಂದೆ. ಉಗುಳು ನುಂಗುವಷ್ಟು ಹೊತ್ತೂ ತಡೆಯಲಿಲ್ಲ. ಕಂಪನಿಯವರನ್ನು ಬೈಯುವುದು ಸುಲಭ, ಬೈಯುತ್ತಲೇ ಬಂದಿದ್ದೇನೆ. ಆ 'ಸರ್' ಮಾತ್ರ ನನ್ನದು.

ಶುಕ್ರವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ಬಳ್ಳಾರಿಯಿಂದ ಕುರುಗೋಡಿಗೆ ಬಸ್ಸು ಹತ್ತಿದರೆ ಗಂಟೆಯೊಳಗೆ ಮಾಸ್ತರರ ಮನೆಯ ಕಟ್ಟೆ. ಪತ್ರ ಕೊಡಬೇಡಿ ಎಂದು ಒಂದು ಮಾತು ಹೇಳಿದ್ದರೆ ಅವರ ಕುರ್ಚಿ ಅವರಿಗೆ ಉಳಿಯುತ್ತಿತ್ತು. ಹೋಗಲಿಲ್ಲವೇ ಎಂದು ಕೇಳುತ್ತೀರೇನೋ. ಹೋದೆ. ಮಂಗಳವಾರವೇ ಹೋದೆ. ಹೋಗಿ ಹೇಳಿದ್ದೇನೆಂದರೆ, ಕಂಪನಿಯವರಿಗೆ ನಿಮ್ಮ ಫಸ್ಟ್ ಕ್ಲಾಸು ನಪಾಸು ತಿಳಿಯುವುದಿಲ್ಲ, ಮೂರು ವರ್ಷದ ಪುಸ್ತಕಗಳನ್ನೆಲ್ಲ ಒಂದರಿಂದ ಆರರ ಲೆಕ್ಕಕ್ಕೆ, ಇಂಗ್ಲಿಷಿಗೆ ಇಳಿಸಿಕೊಡಿ ಎಂದು. ರ‍್ಯಾಲಿಯ ದಾರಿಗಳು ವರ್ಷ ವರ್ಷಕ್ಕೆ ಹೆಚ್ಚೇನೂ ಬದಲಾಗುವುದಿಲ್ಲ. ಆ ಪುಸ್ತಕಗಳಿಲ್ಲದಿದ್ದರೆ ನಾನು ಅರ್ಧ ಚಾಲಕ. ನಿಜ ಹೇಳಿಬಿಟ್ಟರೆ ಪುಸ್ತಕ ಕೊಡುತ್ತಾರೋ ಇಲ್ಲವೋ ಎಂಬ ಭಯ. ಹಾಗಾಗಿ ಅವರ ಜಾಗಕ್ಕೆ ಬರುವವನಿಗೆ ಬೇಕಾದ ಪುಸ್ತಕವನ್ನು ಅವರ ಕೈಯಿಂದಲೇ ಬರೆಸಿದೆ... ಹೇಸಿಗೆ. ಇದಕ್ಕೆ ಬೇರೆ ಮಾತು ನನಗೆ ಗೊತ್ತಿಲ್ಲ.

ತಾವೇ ಓದುವುದಕ್ಕೆಂದು ತಿಳಿದು ಅವರು ಬರೆದರು. ಸಂಜೆ ಶಾಲೆ ಮುಗಿಸಿ ಬಂದು, ಕಟ್ಟೆಯ ಮೇಲೆ ಹೊಸ ನೋಟ್‌ಬುಕ್ಕು ಹರಡಿಕೊಂಡು, ನಪಾಸಾದವನ್ನೆಲ್ಲ ಒಂದು ಮಾಡಿ, ಮೂವತ್ತೈದನ್ನು ಎರಡು ಮಾಡಿ, ಸಾಲು ಸಾಲಾಗಿ ದುಂಡಗೆ ಬರೆದರು. ಇಂಗ್ಲಿಷಿನಲ್ಲಿ ಜೋರಾಗಿ ಓದುವ ರೂಢಿಯನ್ನೂ ಮಾಡಿಕೊಳ್ಳುತ್ತಿದ್ದರು. ಅವರು ಲೆಫ್ಟ್ ಎಂದಾಗ ಪುಟ್ಟ ಮಗಳು ಎಡಕ್ಕೂ ರೈಟ್ ಎಂದಾಗ ಬಲಕ್ಕೂ ವಾಲಿ ನಗುತ್ತಿದ್ದಳು. ಬುಧವಾರ, ಗುರುವಾರ ನಾನೂ ಪಕ್ಕದಲ್ಲಿ ಕೂತು ಚಹ ಕುಡಿದೆ. ಶುಕ್ರವಾರ ಪತ್ರ ಕೊಟ್ಟು ಬಂದರು. ಶನಿವಾರ ಪುಸ್ತಕಗಳನ್ನು ದಾರದಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟರು.

ಭಾನುವಾರ ಬಳ್ಳಾರಿಯ ಒಂದು ಕಲ್ಯಾಣ ಮಂಟಪದಲ್ಲಿ ತಂಡದ ಘೋಷಣೆ. ಮಾಸ್ತರು ಒಬ್ಬರೇ ಬಂದಿದ್ದರು, ಇಸ್ತ್ರಿ ಮಾಡಿದ ಅಂಗಿ, ಹಣೆಗೆ ವಿಭೂತಿ. ವೇದಿಕೆಯ ಮೇಲೆ ಕಾರಿಗೆ ಹೊದಿಸಿದ್ದ ಬಟ್ಟೆ ಸರಿಸಿ ಮ್ಯಾನೇಜರ್ ಪಟ್ಟಿ ಓದಿದ. ನನ್ನ ಹೆಸರು ಬಂತು. ಅದರ ಪಕ್ಕ ಬೇರೆ ಯಾರದೋ ಹೆಸರು ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು, ಮಾಸ್ತರೂ ತಟ್ಟಿದರು. ಆಮೇಲೆ ಕೆಳಗಿಳಿದು ಬಂದಾಗ ಪೇಪರಿನವನೊಬ್ಬ ನನ್ನನ್ನು ತಡೆದು, ಅಲ್ಲಿ ನಿಂತಿರುವವರು ನಿಮ್ಮ ಹಳೆಯ ನ್ಯಾವಿಗೇಟರ್ ಅಲ್ಲವೇ ಎಂದು ಕೇಳಿದ. ಮ್ಯಾನೇಜರ್ ನನ್ನ ಹೆಗಲ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ನಮ್ಮ ಕಡೆಯ ಮಾಸ್ತರು, ರೇಸ್ ಎಂದರೆ ಹುಚ್ಚು, ನೋಡಲು ಬಂದಿದ್ದಾರೆ ಎಂದುಬಿಟ್ಟೆ. ಮಾಸ್ತರು ಎರಡು ಮಾರು ದೂರದಲ್ಲಿದ್ದರು. ಕೇಳಿಸದೆ ಇರುವ ದೂರವಲ್ಲ.

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಹತ್ತಿರ ಬಂದು ದನಿ ತಗ್ಗಿಸಿ ಹೇಳಿದರು:

"ಮೂರನೇ ಪುಸ್ತಕದಾಗ ಹನ್ನೆರಡನೇ ಹಾಳಿ ನೋಡು. ಬಲಕ್ಕ ನಾಕು ಅಂತ ಬರದೀನಿ, ಅವಸರದಾಗ ತಪ್ಪು ಬಿದ್ದೈತಿ. ಅದನ್ನ ಎರಡು ಮಾಡ್ಸು. ಇಲ್ಲಾಂದ್ರ ಕೆರಿಗೆ ಬೀಳ್ತಿ."

ಅಷ್ಟು ಹೇಳಿ ಕುರುಗೋಡಿನ ಬಸ್ಸಿಗೆ ನಡೆದರು.

ಆ ತಿರುವನ್ನು ಎರಡು ಮಾಡಿಸಿದೆ. ಮೊದಲ ರ‍್ಯಾಲಿಯಲ್ಲೇ ಅದು ಬಂತು. ಹೊಸ ನ್ಯಾವಿಗೇಟರ್ ಎರಡು ಎಂದ, ಬ್ರೇಕ್ ಒತ್ತಿದೆ, ತಿರುವಿನ ಕೆಳಗೆ ಕೆರೆ ತುಂಬಿಕೊಂಡಿತ್ತು. ಜೀವ ಉಳಿಯಿತು. ಗೆಲುವೇನೂ ಬರಲಿಲ್ಲ. ಆ ಹುಡುಗ ಚುರುಕಾಗಿ ಓದುತ್ತಿದ್ದ, ಆದರೆ ಒಂದು ದಾರಿಯನ್ನೂ ಕಾಲಲ್ಲಿ ಮುಟ್ಟಿ ನೋಡಲಿಲ್ಲ. ಅರ್ಧ ವರ್ಷಕ್ಕೆ ಕಂಪನಿಯ ಹೆಡ್ ಆಫೀಸಿನಲ್ಲಿ ಯಾರೋ ಬದಲಾದರು, ಅವರೊಂದಿಗೆ ಯೋಜನೆಯೂ ಬದಲಾಯಿತು. ಮೂರು ವರ್ಷದ ಬದ್ಧತೆ ಆರು ತಿಂಗಳಿಗೆ ಮಣ್ಣುಪಾಲು. ನನಗೆ ಎರಡು ಸಾಲಿನ ಪತ್ರ ಬಂತು, ಅದರಲ್ಲಿ ಹೆಸರೂ ತಪ್ಪು. ಮ್ಯಾನೇಜರ್ ಮಾತ್ರ ಮುಂದಿನ ತಿಂಗಳೇ ಎದುರಾಳಿ ಕಂಪನಿಯ ಅಂಗಿ ತೊಟ್ಟು ಫೋಟೋದಲ್ಲಿ ಹಲ್ಲು ಕಿಸಿದಿದ್ದ.

ಮಾಸ್ತರು ರಜೆ ರದ್ದು ಮಾಡಿಸಿಕೊಳ್ಳುವಷ್ಟರಲ್ಲಿ ಬಾದನಹಟ್ಟಿಯ ಜಾಗ ತುಂಬಿತ್ತು. ಸಿರುಗುಪ್ಪದಾಚೆಯ ಒಂದು ಹಳ್ಳಿಗೆ ಹಾಕಿದರು. ದಿನಾ ಎರಡು ಬಸ್ಸು ಬದಲಿಸಿ ಹೋಗಿ ಬರುತ್ತಿದ್ದರಂತೆ. ಒಮ್ಮೆ ಸಿರುಗುಪ್ಪ ಬಸ್ ನಿಲ್ದಾಣದ ಮುಂದೆ ಛತ್ರಿ ಹಿಡಿದು ನಿಂತದ್ದನ್ನು ಕಂಡೆ. ಬಿಸಿಲು ಸುಡುತ್ತಿತ್ತು, ನನ್ನ ಕಾರಿನಲ್ಲಿ ಅವರ ಹಳೆಯ ಜಾಗ ಖಾಲಿಯಿತ್ತು. ಗಾಜು ಏರಿಸಿಕೊಂಡು ಮುಂದೆ ಹೋದೆ. ಅವರು ಹೆಡ್‌ಮಾಸ್ತರಾಗದೆಯೇ ನಿವೃತ್ತರಾದರು. ಕಳೆದ ವರ್ಷ ತೀರಿಕೊಂಡರು. ನನಗೆ ಅದು ಗೊತ್ತಾದದ್ದು ಯಾರೋ ಗಿರಾಕಿ ಬೇರಿಂಗು ಕೊಳ್ಳುತ್ತ ಆಡಿದ ಮಾತಿನಿಂದ, ಮಣ್ಣು ಮಾಡಿ ತಿಂಗಳಾದ ಮೇಲೆ...

ಮೊನ್ನೆ ಕೊನೆಗೂ ಅವರ ಮನೆಗೆ ಹೋದೆ. ದುಃಖ ಹೇಳಿಕೊಳ್ಳುವುದಕ್ಕಲ್ಲ, ಅಷ್ಟು ಒಳ್ಳೆಯವನಲ್ಲ ನಾನು. ಅದೇ ಕಂಪನಿ ಈಗ ಮತ್ತೆ ರ‍್ಯಾಲಿಗೆ ಬರುತ್ತಿದೆಯಂತೆ, ಘೋಷಣೆಯ ದಿನ ಹಳಬರನ್ನು ವೇದಿಕೆಗೆ ಕರೆಯುತ್ತಾರಂತೆ, ಹಳೆಯ ಫೋಟೋ ಇದ್ದರೆ ಕಳಿಸಿ ಎಂದು ಅಲ್ಲಿಂದ ಫೋನು ಬಂದಿತ್ತು. ನನ್ನ ಹತ್ತಿರ ಒಂದೂ ಇರಲಿಲ್ಲ. ಅವರ ಮನೆಯಲ್ಲಿ ಇರಬಹುದೆಂದು ಹೋದೆ.

ಬಾಗಿಲು ತೆಗೆದದ್ದು ಮಗಳು. ಈಗ ಅಲ್ಲೇ ಕುರುಗೋಡಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ. ಗುರುತು ಹಿಡಿದು ಒಳಗೆ ಕೂರಿಸಿ, ಚಹ ಕೊಟ್ಟು, ಹುಡುಕಿ ಒಂದು ಫೋಟೋ ತಂದಳು. ನಾನು ಮತ್ತು ಮಾಸ್ತರು ಜೀಪಿಗೆ ಒರಗಿ ನಿಂತದ್ದು. ಕೊಡುವ ಮುಂಚೆ ಅದನ್ನು ಸೆರಗಿನಿಂದ ಒರೆಸಿ, ಒಂದು ಮಾತು ಹೇಳಬೇಕು ಎಂದಳು.

"ನೀವು ಕೈ ಮುಗುದು ಕರದ್ರೂ ಕಡೀ ಗಳಿಗ್ಯಾಗ ನಾನ ಒಲ್ಲೆ ಅಂದೆ ಅಂತ ಅಪ್ಪ ಹೇಳಿದ್ರು. ಬಡ್ತಿನೂ ಬಿಟ್ಟು ಇದನ್ನೂ ಬಿಟ್ರಿ ಅಂತ ಅವ್ವ ಇರಾತನಕ ಅವರನ್ನ ಬೈದ್ಲು. ಅದಕ್ಕ ನೀವು ಸಿಟ್ಟಾಗಿ ನಮ್ಮ ಮನಿಗೆ ಬರೋದು ಬಿಟ್ರಿ ಅಂತ ಅಪ್ಪಗ ಭಾಳ ಬ್ಯಾಸರಿತ್ತು. ಅವರ ಪರವಾಗಿ ನಾ ಕೇಳ್ಕೊಂತೀನ್ರಿ, ಮನಸಿನ್ಯಾಗ ಇಟ್ಕೋಬ್ಯಾಡ್ರಿ."

ಅವಳ ಕಣ್ಣು ಒದ್ದೆಯಾಗಿತ್ತು. ಇಷ್ಟು ವರ್ಷ ಆ ಮನುಷ್ಯ ಹೆಂಡತಿಯ ಕೈಲೂ ಬೈಸಿಕೊಂಡು ನನ್ನ ಮರ್ಯಾದೆ ಕಾಯ್ದಿದ್ದರು. ನನ್ನ ಬಾಯಿಂದ ನಿಜ ಕೇಳಬೇಕಾದ ಗಂಡ ಹೆಂಡತಿ ಇಬ್ಬರೂ ಹೋಗಿಬಿಟ್ಟಿದ್ದರು, ಉಳಿದವಳು ಒಬ್ಬಳೇ, ನನ್ನ ಎದುರಿಗೇ ಕೂತಿದ್ದಳು. ಬಾಯಿ ಬಿಟ್ಟರೆ ಸಾಕಿತ್ತು.

"ಇರ್ಲಿ ಬಿಡವ್ವ, ನಾ ಅದನ್ನ ಯಾವಾಗೋ ಮರ್ತೀನಿ" ಎಂದೆ.